ಹನ್ನೆರಡಕ್ಕೆ ಇಳಿಯುವ ಅತ್ತೆ

ಗಡಿಯಾರ ರಿಪೇರಿಯವನ ಜೇಬಿನಲ್ಲಿ, ಹೊರದೇಶದಿಂದ ಬರುತ್ತಿದ್ದ ಅತ್ತೆಯ ವಿಮಾನದ ಟಿಕೆಟಿನ ನಕಲು ಇತ್ತು. ಹೊರಡುವುದು ಬೆಳಗ್ಗೆ ಎಂಟಕ್ಕೆ, ಇಳಿಯುವುದು ಮಧ್ಯಾಹ್ನ ಹನ್ನೆರಡಕ್ಕೆ. ಹೋದ ಸಲ ಅತ್ತೆ ರೈಲ್ವೆ ಸ್ಟೇಷನ್ನಿನಲ್ಲಿ ಟ್ರಂಕಿನ ಮೇಲೆ ಕೂತು ಎರಡು ಗಂಟೆ ಅಳಿಯನ ದಾರಿ ಕಾದಿದ್ದರು. ಹೆಂಡತಿ ಅದನ್ನು ಮರೆತಿರಲಿಲ್ಲ.

"ರೀ, ನನಗೆ ರಜ ಸಿಗಲ್ಲ. ಈ ಸಲವೂ ಅಮ್ಮನ್ನ ಕಾಯಿಸಿದ್ರೆ, ಅಮ್ಮ ವಾಪಸ್ ಹೋಗುವಾಗ ನಾನೂ ಜೊತೆಗೆ ಹೊರಟೆ ಅಂತ ತಿಳ್ಕೊಳ್ಳಿ" ಎಂದು ಹೇಳಿಯೇ ಆಫೀಸಿಗೆ ಹೋಗಿದ್ದಳು. ಹೇಳಿದ್ದನ್ನು ಮಾಡಿಬಿಡುವ ಹೆಂಗಸು.

ಹತ್ತೂವರೆಗೇ ಅಂಗಡಿಯ ಬಾಗಿಲು ಎಳೆಯುತ್ತಿದ್ದಾಗ ಪಕ್ಕದ ಕ್ಷೌರದಂಗಡಿಯವನು ಟಿಕೆಟ್ ಇಸಕೊಂಡು ನೋಡಿದ.

"ದೂರ ಎಷ್ಟು ಸಾರ್?"

"ಆರು ಸಾವಿರದ ಮುನ್ನೂರು ಕಿಲೋಮೀಟರ್."

"ಅಷ್ಟನ್ನ ನಾಲ್ಕೇ ಗಂಟೇಲಾ? ಸುಮ್ನಿರಿ ಸಾರ್! ವಿಮಾನ ಗಂಟೆಗೆ ಒಂಬೈನೂರು ಹೋದ್ರೆ ಹೆಚ್ಚು. ನಿಮ್ಮ ಮೊಬೈಲ್ ಕೊಡಿ ಇಲ್ಲಿ... ಏಳು ಗಂಟೆ ಬೇಕು. ಮೂರಕ್ಕೆ ಇಳಿಯುತ್ತೆ."

ಎದುರಿನ ಔಷಧದಂಗಡಿಯಾಕೆ ರಸ್ತೆ ದಾಟಿ ಬಂದಳು. "ಆ ಊರಿಗೂ ಇಲ್ಲಿಗೂ ಮೂರು ಗಂಟೆ ವ್ಯತ್ಯಾಸ ಇದೆ. ಅದನ್ನ ಲೆಕ್ಕಕ್ಕೆ ಹಿಡಿಯೋರು ಯಾರು?"

"ಅಲ್ಲಿ ಮುಂದೆ, ಇಲ್ಲಿ ಹಿಂದೆ. ಕಳೀಬೇಕಲ್ವಾ ಅಕ್ಕ?" ಎಂದ ಕ್ಷೌರದಂಗಡಿಯವನು.

"ಹೊರಟೋರಿಗೆ ಬರ್ತಾ ಬರ್ತಾ ಟೈಮ್ ಕಮ್ಮಿ ಆಗುತ್ತೇನಪ್ಪಾ? ಕೂಡಿಸು!"

ಕೂಡಿಸಿದರೆ ಸಂಜೆ ಆರು. ಯಾವ ಮುಳ್ಳು ತೋರಿಸಿದ ಸಮಯವನ್ನೂ ನಂಬದಿರುವುದು ಅವನ ಕಸುಬಿನ ಅಭ್ಯಾಸ. ಟಿಕೆಟನ್ನೂ ಕೆಟ್ಟ ಗಡಿಯಾರ ಎಂದುಕೊಂಡು ಮತ್ತೆ ಕೆಲಸಕ್ಕೆ ಕೂತ. ಸಂಜೆ ಬಸ್ಸು ಹತ್ತಿದ ಮೇಲೆಯೇ ಅವನಿಗೆ ನೆನಪಾದದ್ದು, ಮೊಬೈಲು ಕ್ಷೌರದಂಗಡಿಯ ಟವೆಲ್ಲುಗಳ ಕೆಳಗೇ ಉಳಿದಿದೆ ಎಂದು.

ವಿಮಾನ ನಿಲ್ದಾಣದಲ್ಲಿ ವಿಚಾರಣೆಯ ಹುಡುಗಿ ಟಿಕೆಟ್ ನೋಡಿದಳು. "ಇಳಿಯೋ ಟೈಮ್ ಅಂತ ಹಾಕೋದು ಇಲ್ಲಿನ ಗಡಿಯಾರದ್ದೇ. ಹನ್ನೆರಡಕ್ಕೇ ಬರ್ಬೇಕಿತ್ತು."

ಅವನ ಜೀವ ಬಾಯಿಗೆ ಬಂತು.

"ಆದ್ರೆ ಇವತ್ತು ಆರು ಗಂಟೆ ಲೇಟು. ಈಗ್ತಾನೆ ಇಳೀತು ನೋಡಿ."

ಅಬ್ಬಾ, ಬದುಕಿದೆ ಬಡಜೀವ! ಓಡಿಹೋಗಿ ಹೊರಬಾಗಿಲ ಕಂಬದ ಪಕ್ಕ ನಿಂತ. ಅಷ್ಟರಲ್ಲಿ ಅತ್ತೆ ಬಂದೇಬಿಟ್ಟರು.

"ಅಯ್ಯೋ, ಅಳಿಯಂದ್ರು ಹನ್ನೆರಡರಿಂದ ಕಾಯ್ತಾ ಇದ್ರಾ?"

"ಹನ್ನೊಂದೂವರೆಯಿಂದ ಅತ್ತೆ! ಈ ಕಂಬ ಬಿಟ್ಟು ಅಲ್ಲಾಡಿಲ್ಲ."

ಅತ್ತೆಯ ಕಣ್ಣಲ್ಲಿ ನೀರು ಬಂತು. ಸೂಟ್‌ಕೇಸನ್ನು ಅವನ ಕೈಗಿಟ್ಟರು.

ಕಂಬದ ಆ ಬದಿಯ ಬೆಂಚಿನಿಂದ ಹೆಂಡತಿ ಮೆಲ್ಲಗೆ ಎದ್ದು ಬಂದಳು.

"ಹೌದಾ? ನನಗೂ ಆಫೀಸಿಗೆ ಹೋದ ತಕ್ಷಣ ರಜ ಸಿಕ್ತು. ಹನ್ನೊಂದೂವರೆಯಿಂದ ಇದೇ ಕಂಬಕ್ಕೆ ಒರಗಿ ಕೂತಿದ್ದೀನಿ. ಇವರಿಗೆ ಇಪ್ಪತ್ತು ಸಲ ಫೋನ್ ಮಾಡಿದೆ."

ಅತ್ತೆ ಸೂಟ್‌ಕೇಸನ್ನು ಅವನ ಕೈಯಿಂದ ವಾಪಸ್ ತೆಗೆದುಕೊಂಡರು.

"ಅಮ್ಮಾ, ನೀನು ವಾಪಸ್ ಹೊರಡೋದು ಯಾವತ್ತು?" ಹೆಂಡತಿ ಕೇಳಿದಳು. "ಪಕ್ಕದ ಸೀಟು ಖಾಲಿ ಇದೆಯಾ ಅಂತ ಆ ಹುಡುಗೀನ ಕೇಳ್ಕೊಂಡು ಬರ್ತೀನಿ, ಇರು."