ಅಜ್ಜಿಗೆ ಮಣಿ ಕೊಟ್ರಾ?

“ಗಾಡಿ ಹಿಂದಕ್ಕೆ ತಿರುಗಿಸಿ. ನೀವು ದಾರಿ ತಪ್ಪಿ ಬಾಳ ಹೊತ್ತಾಗೈತೆ” ಎಂದ, ಕಳೆ ಹೊಡೆಯುವ ಮೆಷಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಮೋರಿಕಟ್ಟೆಯ ಮೇಲೆ ಕೂತಿದ್ದ ಮನುಷ್ಯ.

ಅದು ನನಗೂ ಗೊತ್ತಿತ್ತು. ಅದೇ ಕಾಫಿ ತೋಟದ ಅದೇ ತುಕ್ಕು ಹಿಡಿದ ಗೇಟನ್ನು ಮೂರನೇ ಸಲ ನೋಡುತ್ತಿದ್ದೆ. ಹೆತ್ತೂರು ದಾಟಿದ ಮೇಲೆ ಫೋನಿನ ಮ್ಯಾಪು ಬಾಯಿ ಮುಚ್ಚಿಕೊಂಡಿತ್ತು. ಮೊರಾಕ್ಕೊದ ಹಳೇ ಪೇಟೆಯ ಗಲ್ಲಿಗಳಲ್ಲಿ ಭಾಷೆ ಬಾರದೆ ಒಬ್ಬಳೇ ಸುತ್ತಿ, ಯಾರನ್ನೂ ಕೇಳದೆ ರೂಮಿಗೆ ವಾಪಸು ಬಂದವಳು ನಾನು. ಈಗ ಹೆಗ್ಗದ್ದೆ ಹತ್ತಿರ ಒಂದು ಮನೆ ಹುಡುಕಲಾರದೆ ಬೆವರುತ್ತಿದ್ದೆ.

“ಇಲ್ಲೊಂದು ಹೋಂಸ್ಟೇ ಇತ್ತಲ್ಲ? ಅದರ ಹಿಂದೆ ಒಬ್ಬರು ಅಜ್ಜಿ ಇದ್ದಾರೆ. ಹಾಲು ಹಾಕ್ತಾರೆ. ಗೌರಿ ಅಂತ ಹಸು...”

“ಹೋಂಸ್ಟೇ ಮುಚ್ಚಿ ವರ್ಷ ಆಯ್ತು. ಬೋರ್ಡೂ ಕಿತ್ತು ಹಾಕವ್ರೆ” ಎಂದವನು ನನ್ನನ್ನೂ, ಕಾರನ್ನೂ, ನನ್ನ ಕೊರಳಲ್ಲಿದ್ದ ಗಾಜಿನ ಮಣಿಸರವನ್ನೂ ಸಾವಕಾಶವಾಗಿ ನೋಡಿದ. ಮುಖ ಅರಳಿತು. “ಓ! ಅಜ್ಜಿಗೆ ಮಣಿ ಕೊಡ್ತೀನಿ ಅಂತೇಳಿ ಕೊಡ್ದಲೇ ಹೋದೋರು ನೀವೇನಾ?”

ನಾನು ಕಿಟಕಿ ಗಾಜು ಏರಿಸಬೇಕೆಂದಿದ್ದೆ. ಆದರೆ ದಾರಿ ಗೊತ್ತಿದ್ದವನು ಅವನೊಬ್ಬನೇ.

“ತಂದಿದೀರೋ, ಇಲ್ಲ ಇವತ್ತೂ ಬರೀ ಮಾತೋ?” ಎಂದು ಕೇಳಿ, ತಂದಿದ್ದೇನೆ ಎಂದು ನನ್ನ ಬಾಯಿಂದಲೇ ಹೇಳಿಸಿದ ಮೇಲೆ ದಾರಿ ತೋರಿಸಿದ.

ಗಾಜಿನ ಮಣಿ ಮಾಡಿ ಮಾರುವ ಕಸುಬಿಗೆ ಬಿದ್ದಂದಿನಿಂದ ನನ್ನ ಮರ್ಯಾದೆಗೆ ಹೀಗೆ ಅಡಿಗಡಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಬೆಂಕಿಯ ಮುಂದೆ ಕೂತು ಕೈ ಸುಟ್ಟುಕೊಂಡಿದ್ದು ಕಡಿಮೆ. ಎದ್ದು ಹೊರಗೆ ಬಂದ ಮೇಲೆ ಜನರ ಬಾಯಿಂದ ಸುಟ್ಟುಕೊಂಡಿದ್ದೇ ಹೆಚ್ಚು. ಇದು ಎಲ್ಲಿಂದ ಶುರುವಾಯಿತು ಎಂದು ಹೇಳಿಬಿಡುತ್ತೇನೆ. ತಪ್ಪು ಯಾರದು ಎಂದು ನೀವೇ ಹೇಳಿ.

೧. ಹಂಡೆ ಒಲೆಯ ಬೂದಿ

ಎರಡು ವರ್ಷದ ಹಿಂದಿನ ಮಾತು. ಆ ಹೋಂಸ್ಟೇಯವರು ತಮ್ಮ ಅತಿಥಿಗಳ ಮುಂದೆ ಮಣಿ ಮಾಡಿ ತೋರಿಸಲು ಕರೆದಿದ್ದರು. ಗ್ಯಾಸು, ಬರ್ನರು, ಗಾಜಿನ ಕಡ್ಡಿಗಳ ಕಟ್ಟು, ಪುಟ್ಟ ಕರೆಂಟಿನ ಕುಲುಮೆ ಎಲ್ಲ ಕಾರಿನಲ್ಲಿ ತುಂಬಿಕೊಂಡು ಹೋದೆ. ಹೇಗೂ ಬೆಂಕಿ ಹಚ್ಚುತ್ತೇನಲ್ಲ ಎಂದು, ಯಾರಿಗೋ ಕೊಡಬೇಕಿದ್ದ ಒಂದು ಸರದ ಮಣಿಗಳನ್ನೂ ಅಲ್ಲೇ ಮಾಡಿದೆ.

ಕೆಲಸ ಇಷ್ಟೇ: ಜೇಡಿ ಬಳಿದ ಉಕ್ಕಿನ ಕಂಬಿಯ ಮೇಲೆ ಕರಗಿದ ಗಾಜನ್ನು ಜೇನಿನ ಹಾಗೆ ಸುತ್ತಬೇಕು. ಆಮೇಲೆ ಮಣಿ ನಿಧಾನವಾಗಿ, ಬಹಳ ನಿಧಾನವಾಗಿ ತಣಿಯಬೇಕು. ಅವಸರ ಮಾಡಿದರೆ ಟಿಕ್ ಎಂದು ಸೀಳುತ್ತದೆ. ಅದಕ್ಕೇ ಕುಲುಮೆ.

ಕೊನೆಯ ಮಣಿ ಒಳಗೆ ಹೋಯಿತು, ಕರೆಂಟೂ ಹೋಯಿತು. ಲೈನಿನ ಮೇಲೆ ಮರ ಬಿದ್ದಿದೆಯಂತೆ, ನಾಳೆ ಸಂಜೆಗೆ ಬಂದರೆ ಬಂತಂತೆ. ಜನರೇಟರಿಗೆ ಡೀಸೆಲ್ ಇಲ್ಲ. ಕುಲುಮೆಯ ಬಿಸಿ ತೋರಿಸುವ ಮುಳ್ಳು ಇಳಿಯುತ್ತಿದೆ, ನನ್ನ ಜೀವವೂ ಇಳಿಯುತ್ತಿದೆ. ಅಷ್ಟರಲ್ಲಿ ಹಾಲಿನ ಕ್ಯಾನು ಹಿಡಿದು ಬಂದ ಅಜ್ಜಿ ಒಬ್ಬರು ಬಗ್ಗಿ ನೋಡಿ, “ಏನವ್ವಾ, ಮೊಟ್ಟೆಗೆ ಕಾವು ಕೂತಂಗೆ ಕೂತಿದ್ದೀಯ?” ಎಂದರು.

ಹೇಳಿದೆ. ಅಜ್ಜಿ ಹೊರಟುಹೋದರು. ಸ್ವಲ್ಪ ಹೊತ್ತಿಗೆ ತಮ್ಮ ಬಚ್ಚಲು ಮನೆಯ ಹಂಡೆ ಒಲೆಯ ಬಿಸಿ ಬೂದಿಯನ್ನು ಬಾಂಡ್ಲಿ ತುಂಬಾ ಹೊತ್ತು ತಂದರು. “ಹೂತಾಕು ಇದ್ರಾಗೆ. ಗೆಣಸು ಹಾಕಿದ್ರೆ ಬೆಳಿಗ್ಗೆಗಂಟ ಬಿಸಿ ಇರ್ತೈತೆ, ನಿನ್ ಗೋಲಿಗೇನು!”

ಮರುದಿನ ಕೆದಕಿ ತೆಗೆದರೆ ಒಂದೇ ಒಂದು ಮಣಿ ಸೀಳಿರಲಿಲ್ಲ. ಏನು ಕೊಡಲಿ ಎಂದು ಕೇಳಿದೆ. ಅಜ್ಜಿ ದುಡ್ಡು ಮುಟ್ಟಲಿಲ್ಲ. “ನಮ್ ಗೌರಿಗೆ ಒಂದು ಮಣಿ ಮಾಡ್ಕೊಡು. ಕೊರಳಿಗೆ ಕಟ್ಟಾಕೆ. ಹಸೀಗೆ ದೃಷ್ಟಿ ಜಾಸ್ತಿ ಆಗ್ಬುಟ್ಟೈತೆ, ಹಾಲು ಇಳಿಸ್ತಿಲ್ಲ” ಎಂದರು.

“ಮುಂದಿನ ವಾರ” ಎಂದೆ.

ಸತ್ಯ ಹೇಳಬೇಕೆಂದರೆ ನನಗೆ ಒಳಗೇ ಉರಿದುಹೋಯಿತು. ಇಟಲಿಯ ದ್ವೀಪವೊಂದರಲ್ಲಿ ಮುದಿ ಗುರುವಿನ ಬೈಗುಳ ತಿಂದು, ಘಾನಾದ ಹಳ್ಳಿಯಲ್ಲಿ ಜ್ವರ ಬಂದು ಮಲಗಿ, ಉತ್ತರ ಪ್ರದೇಶದ ಕುಲುಮೆಗಳ ಹೊಗೆ ಕುಡಿದು ಕಲಿತದ್ದು ಹಸುವಿನ ಕೊರಳಿಗೆ ಕಟ್ಟಲಿಕ್ಕಾ? ಮುಂದಿನ ವಾರ ಬಂತು, ಹೋಯಿತು. ಅಂಥ ವಾರಗಳು ಎಷ್ಟೋ ಹೋದವು.

ನಾನು ಮರೆತೆ. ಮರೆತವಳು ನಾನೊಬ್ಬಳೇ.

೨. ಗಾಜು ಹೌದೋ ಅಲ್ಲವೋ

ಸಕಲೇಶಪುರದಲ್ಲಿ ಒಂದು ಮಾರಾಟ ಮೇಳ. ನನ್ನ ಮೇಜಿನ ಮುಂದೆ ನಿಂತ ಹೆಂಗಸು ಒಂದು ಹಸಿರು ಮಣಿ ಎತ್ತಿಕೊಂಡಳು. ಮೂಸಿದಳು. ಹಲ್ಲಿನಲ್ಲಿ ಕಚ್ಚಿದಳು.

“ಪ್ಲಾಸ್ಟಿಕ್ಕಾ?”

“ಅಲ್ಲಮ್ಮ, ಗಾಜು. ಕೈಯಲ್ಲೇ ಮಾಡಿದ್ದು.”

“ಎಲ್ಲಾರೂ ಹಂಗೇ ಅಂತಾರೆ” ಎಂದವಳು, ನಾನು ಬಾಯಿ ತೆಗೆಯುವುದರೊಳಗೆ ಮಣಿಯನ್ನು ಸಿಮೆಂಟು ನೆಲಕ್ಕೆ ಹೊಡೆದಳು. ಅದು ಟಣ್ ಎಂದು ಹಾರಿ, ಉರುಳಿ, ಪಕ್ಕದ ಉಪ್ಪಿನಕಾಯಿ ಅಂಗಡಿಯ ಕೆಳಗೆ ಹೋಗಿ ನಿಂತಿತು. ಮೊಣಕಾಲೂರಿ ಹೆಕ್ಕಿ ತಂದೆ. ಒಂದು ಗೀರಿಲ್ಲ. ಚೆನ್ನಾಗಿ ತಣಿಸಿದ ಮಣಿ ಹಾಗೇ ಇರುತ್ತದೆ. ಹೆಮ್ಮೆಯಿಂದ ಅವಳ ಅಂಗೈಯಲ್ಲಿಟ್ಟೆ.

“ನೋಡ್ದ್ರಾ? ಒಡೀಲಿಲ್ಲ. ಗಾಜಾಗಿದ್ರೆ ಒಡೀಬೇಕಿತ್ತು!” ಎಂದು ಸುತ್ತ ನಿಂತವರಿಗೆಲ್ಲ ಹೇಳಿದಳು. ಹೇಳಿ ಸುಮ್ಮನಾಗಲಿಲ್ಲ, ಖಾತ್ರಿಗೆ ಇನ್ನೊಮ್ಮೆ ಹೊಡೆದಳು. ಈ ಸಲ ಎರಡು ಹೋಳಾಯಿತು.

“ಅಯ್ಯೋ, ತಾಳಿಕೆ ಇಲ್ಲ ಕಣ್ರೀ” ಎಂದು ಹೋಳುಗಳನ್ನು ಮೇಜಿನ ಮೇಲಿಟ್ಟಳು.

ಅಷ್ಟರಲ್ಲಿ ಅವಳ ಕಣ್ಣು ನನ್ನ ಕಾರಿನ ಕೀಲಿಗೊಂಚಲಿಗೆ ಬಿತ್ತು. ಅದಕ್ಕೊಂದು ಮಣಿ ತೂಗುಬಿಟ್ಟಿದ್ದೆ. ನಾನು ಜೀವಮಾನದಲ್ಲಿ ಮಾಡಿದ ಮೊದಲನೇ ಮಣಿ ಅದು: ಒಂದು ಕಡೆ ಊದಿ, ಇನ್ನೊಂದು ಕಡೆ ತಗ್ಗಿ, ಬಣ್ಣ ಕೆಸರಿನಂತೆ. ಅದನ್ನು ನೋಡಿ ಇಟಲಿಯ ಗುರು ಕೆಮ್ಮು ಬರುವಷ್ಟು ನಕ್ಕಿದ್ದ. ನಕ್ಕು, ನನ್ನ ಮುಷ್ಟಿಯೊಳಗೆ ಅದನ್ನಿಟ್ಟು ಮುಚ್ಚಿ, “ಜಂಬ ಬಂದಾಗ ತೆಗೆದು ನೋಡು” ಎಂದಿದ್ದ. ಅಲ್ಲಿಂದ ಇಲ್ಲಿಯವರೆಗೆ ಅದು ನನ್ನನ್ನು ಬಿಟ್ಟಿಲ್ಲ.

“ಇದೆಷ್ಟು?”

“ಅದು ಮಾರಾಟಕ್ಕಿಲ್ಲ.”

“ಹೂಂ, ಚೆನ್ನಾಗಿರೋದೆಲ್ಲ ಮನೆಗಿಟ್ಕೊಂಡ್ಬುಡಿ” ಎಂದು ಹೊರಟವಳು ತಿರುಗಿ, “ಅಂದಂಗೆ, ಹೆಗ್ಗದ್ದೆ ಅಜ್ಜಿಗೆ ಮಣಿ ಕೊಟ್ರಾ?” ಎಂದಳು.

೩. ಬೆಂದಿತಾ?

ನಾನಿರುವುದು ಆಲೂರಿನ ಕಡೆ, ಹಿಂದೆ ಕಾಫಿ ಮೂಟೆ ಇಡುತ್ತಿದ್ದ, ಈಗ ಬಳಕೆಯಿಲ್ಲದ ಒಂದು ಸ್ಟೋರನ್ನು ಬಾಡಿಗೆಗೆ ಹಿಡಿದು. ಪಕ್ಕದ ಮನೆಯಲ್ಲಿ ಎಸ್ಟೇಟಿನಲ್ಲಿ ರೈಟರಾಗಿ ಇಡೀ ಆಯುಷ್ಯ ಬೇರೆಯವರ ಕೆಲಸದ ಮೇಲೆ ಕಣ್ಣಿಟ್ಟು ನಿವೃತ್ತರಾದ ಯಜಮಾನರು. ಅಭ್ಯಾಸ ಬಿಟ್ಟಿಲ್ಲ. ಒಬ್ಬಂಟಿ ಹೆಂಗಸಿಗೆ ಇಷ್ಟು ಗ್ಯಾಸು ಯಾಕೆ ಎಂಬುದು ಅವರನ್ನು ಬಹಳ ದಿನ ಕೊರೆದಿತ್ತು. ಒಂದು ಬೆಳಿಗ್ಗೆ ಬಂದು, ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಕಪ್ಪು ಕನ್ನಡಕ ಹಾಕಿಕೊಂಡು, ಭುಸ್ಸೆನ್ನುವ ಜ್ವಾಲೆಯ ಮುಂದೆ, ಉಸಿರು ಬಿಗಿಹಿಡಿದು ನಾನು ಒಂದು ಮಣಿಯೊಳಗೆ ಎಳೆ ಎಳೆಯಾಗಿ ಹೂವು ಬಿಡಿಸುತ್ತಿದ್ದೆ. ಮುಗಿಯಲು ಒಂದು ಗಂಟೆ ಹಿಡಿಯಿತು. ಕಂಬಿ ಎತ್ತಿ ತೋರಿಸಿದೆ.

ಯಜಮಾನರು ಎದ್ದು ಪಂಚೆ ಕೊಡವಿದರು. “ಅಲ್ರೀ, ಇಷ್ಟೊತ್ತಿಗೆ ನಮ್ಮನೇಲಿ ಮುದ್ದೆ ತೊಳಸಿ, ಉಂಡು, ಒಂದು ನಿದ್ದೆನೂ ತೆಗೆದಿರೋರು. ನಿಮ್ದು ಇನ್ನಾ ಒಂದೇ ಗೋಲಿ! ಹಿಂಗಾದ್ರೆ ಆ ಅಜ್ಜಿ ಹಸೀಗೆ ಎಲ್ಲಿಂದ ಕೊಡ್ತೀರ ನೀವು?”

೪. ಕೈಯಲ್ಲಿ ಮಾಡಿದ್ದು

ದೋಣಿಗಲ್ ಹತ್ತಿರದ ದೊಡ್ಡ ಎಸ್ಟೇಟಿನ ಯಜಮಾನತಿಯೊಬ್ಬರು ತಾಂಬೂಲದ ಜೊತೆ ಹಂಚಲು ನೂರು ಮಣಿ ಹೇಳಿದರು. “ಹ್ಯಾಂಡ್‌ಮೇಡೇ ಇರಬೇಕು. ಆದರೆ ಎಲ್ಲಾ ಒಂದೇ ಥರ ಇರಬೇಕು. ಒಬ್ಬರಿಗೆ ದಪ್ಪ ಒಬ್ಬರಿಗೆ ಸಣ್ಣ ಆದರೆ ನೆಂಟರಲ್ಲಿ ಮನಸ್ತಾಪ.”

ಕೈಯಲ್ಲಿ ನೂರು ಮಣಿ ಒಂದೇ ಥರ ಮಾಡುವುದೆಂದರೆ ಏನೆಂದು ಮಾಡಿದವರಿಗೇ ಗೊತ್ತು. ಹಟ ಹಿಡಿದು ಮಾಡಿದೆ. ಅಳತೆ ಕಡ್ಡಿ ಹಿಡಿದು ನೋಡಿ, ಕೂದಲೆಳೆ ಹೆಚ್ಚುಕಮ್ಮಿಯಾದದ್ದನ್ನು ತೆಗೆದು ಬಿಸಾಡಿ, ಮತ್ತೆ ಮಾಡಿದೆ. ಯಜಮಾನತಿ ಡಬ್ಬಿ ತೆರೆದು, ಕನ್ನಡಕ ಏರಿಸಿ, ಒಂದೊಂದನ್ನೇ ತಿರುಗಿಸಿ ನೋಡಿದರು. ಮುಖ ಸಪ್ಪಗಾಯಿತು.

“ಇದು ಮೆಷಿನ್ನಿಂದು. ಒಂದಕ್ಕಾದರೂ ವ್ಯತ್ಯಾಸ ಬೇಡವಾ? ಕೈಯಲ್ಲಿ ಮಾಡಿದ್ದು ಅಂದರೆ ಯಾರು ನಂಬುತ್ತಾರೆ?”

ಆವತ್ತು ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ಯಾಕೆಂದರೆ ಅವರ ಬಳಿ ಇನ್ನೊಂದು ಕೆಲಸವಿತ್ತು: ಮಗಳ ಮದುವೆಗೆ ಕರಿಮಣಿ. ಅಂಗಡಿಯ ಕರಿಮಣಿಯಲ್ಲ, ಒಂದೊಂದು ಮಣಿಯನ್ನೂ ಬೆಂಕಿಯ ಮುಂದೆ ಕೂತು ಮಾಡಿದ ಕರಿಮಣಿ. ತಾಳಿಯ ಜೊತೆ ಒಬ್ಬಳ ಎದೆಯ ಮೇಲೆ ಜೀವಮಾನವಿಡೀ ಇರುವ ಗಾಜು. ಎಷ್ಟು ದೇಶ ಸುತ್ತಿದರೂ ಅಂಥ ಕೆಲಸ ನನಗೆ ಯಾರೂ ಕೊಟ್ಟಿರಲಿಲ್ಲ. ನನಗದು ಬೇಕಾಗಿತ್ತು. ಬಾಯಿ ಬಿಟ್ಟು ಕೇಳಿದೆ.

ಯಜಮಾನತಿ ಡಬ್ಬಿ ಮುಚ್ಚಿದರು. “ಕೊಡಬೇಕು ಅಂತಲೇ ಇದ್ದೆ. ಆದರೆ ನಮ್ಮ ಅಡುಗೆಯವಳು ಒಂದು ಮಾತು ಹೇಳಿದಳು. ಅವಳ ದೊಡ್ಡಮ್ಮನಿಗೆ ನೀವು ಹಸುವಿನ ಮಣಿ ಬಾಕಿ ಇಟ್ಟಿದ್ದೀರಂತಲ್ಲ?”

ಅಡುಗೆಮನೆಯ ಬಾಗಿಲಲ್ಲಿ ಅಡುಗೆಯವಳು ನಿಂತಿದ್ದಳು. ಎರಡು ತಾಲ್ಲೂಕಿಗೆ ಸುದ್ದಿ ಎಲ್ಲಿಂದ ಹರಿಯಿತೆಂದು ಆಗ ಗೊತ್ತಾಯಿತು.

“ಗೋವಿಗೆ ಮಾತು ಕೊಟ್ಟು ತಪ್ಪಿದ ಕೈ. ಆ ಕೈಯಲ್ಲಿ ನನ್ನ ಮಗಳ ಕರಿಮಣಿ ಬೇಡ. ಅದನ್ನು ತೀರಿಸಿ ಬನ್ನಿ” ಎಂದರು ಯಜಮಾನತಿ.

ಸ್ಟೋರಿಗೆ ಬಂದು ಎರಡು ದಿನ ಗೋಡೆಯ ಜೊತೆ ಜಗಳವಾಡಿದೆ. ಮೂರನೇ ದಿನ ಬೆಂಕಿ ಹಚ್ಚಿದೆ. ಹಸುವಿನ ಮಣಿ ತಾನೇ? ಯಾವ ಹಸುವೂ ಇಂಥದ್ದು ಕಂಡಿರಬಾರದು, ಹಾಗೆ ಮಾಡುತ್ತೇನೆ ಎಂದುಕೊಂಡು ಒಂಬತ್ತು ಮಣಿ ಮಾಡಿ ಎಂಟನ್ನು ಎಸೆದೆ. ಉಳಿದದ್ದು ಕಡುನೀಲಿ. ಒಳಗೆ ಬೆಳ್ಳಿಯ ರೇಕು ಮಿಂಚುತ್ತಿತ್ತು, ನಡುವೆ ಬಿಳಿಯ ಸುತ್ತಿನ ಕಣ್ಣು. ನಾನು ಮಾಡಿದ ಮಣಿಗಳಲ್ಲೇ ಅದು ಶ್ರೇಷ್ಠ. ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಹೆಗ್ಗದ್ದೆಯ ದಾರಿ ಹಿಡಿದೆ.

ದಾರಿ ತಪ್ಪಿದ್ದನ್ನು ಆಗಲೇ ಹೇಳಿದೆ.

೫. ಗೌರಿ

ಅಜ್ಜಿ ಕೊಟ್ಟಿಗೆಯ ಮುಂದೆ ಹುಲ್ಲು ಹಾಕುತ್ತಿದ್ದರು. ತಿರುಗಿ ನೋಡಿ, “ಮುಂದಿನ ವಾರ ಆಯ್ತೇನವ್ವಾ?” ಎಂದರು.

ತಲೆ ತಗ್ಗಿಸಿ ಡಬ್ಬಿ ಕೊಟ್ಟೆ. ಅಜ್ಜಿ ಹತ್ತಿ ಬಿಡಿಸಿ, ಮಣಿಯನ್ನು ಬಿಸಿಲಿಗೆ ಹಿಡಿದರು. ನೀಲಿ ಬೆಳಕು ಅವರ ಕೆನ್ನೆಯ ಮೇಲೆ ಬಿತ್ತು. ಬಹಳ ಹೊತ್ತು ನೋಡಿದರು. ಕಣ್ಣು ತೇವವಾಯಿತೆಂದು ನನಗೆ ಅನ್ನಿಸಿತು.

“ಬಾಳ ಚೆಂದ ಐತೆ” ಎಂದರು. ಮತ್ತೆ ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ನನ್ನ ಕೈಗಿಟ್ಟರು. “ಇದು ಆಗಾಕಿಲ್ಲ.”

“ಯಾಕಜ್ಜಿ?”

“ಇದುನ್ನ ಕಟ್ಟಿದ್ರೆ ಊರೆಲ್ಲ ನನ್ ಹಸೀನೇ ನೋಡ್ತದೆ. ಇರೋ ದೃಷ್ಟಿ ಸಾಲ್ದಾ? ಆಮೇಲೆ ಈ ಮಣಿಗೆ ದೃಷ್ಟಿ ಆಗ್ದಂಗೆ ಇನ್ನೊಂದು ಮಣಿ ಕಟ್ಬೇಕು.”

“ಅಜ್ಜಿ, ಇದು ನಾನು ಮಾಡಿದ್ದರಲ್ಲೇ...”

“ಅಲ್ಲ ಮಾರಾಯ್ತಿ, ಮಗೀನ ಕೆನ್ನೆಗೆ ಕಾಡಿಗೆ ಮೆತ್ತೋದು ಚೆಂದ ಕಾಣ್ಲಿ ಅಂತಾನಾ? ಗದ್ದೆ ಬೆದರುಬೊಂಬೆಗೆ ಯಾರಾನ ರೇಷ್ಮೆ ಸೀರೆ ಉಡಿಸ್ತಾರಾ? ನೋಡಿದ ಕಣ್ಣು ‘ಥೂ’ ಅಂದು ಆ ಕಡೆ ತಿರುಗ್ಬೇಕು. ಅಂಥದ್ದು ಬೇಕು.” ಅಜ್ಜಿಯ ಕಣ್ಣು ನನ್ನ ಇನ್ನೊಂದು ಕೈಗೆ ಇಳಿಯಿತು. “ಐತಲ್ಲ. ಇದು!”

ನಾನು ಕೀಲಿಗೊಂಚಲನ್ನು ಬೆನ್ನ ಹಿಂದಕ್ಕೆ ಹಿಡಿದೆ. “ಇದು ಬೇಡಜ್ಜಿ. ಇದು ನನ್ನ ಮೊದಲನೇ ಮಣಿ. ಇದು ಬಿಟ್ಟು ಯಾವುದು ಬೇಕಾದರೂ ಕೇಳಿ. ಎಷ್ಟು ಸೊಟ್ಟ ಬೇಕೋ ಅಷ್ಟು ಸೊಟ್ಟ ಮಾಡಿಕೊಂಡು ಮುಂದಿನ ವಾರ...”

ನಾಲಿಗೆ ಕಚ್ಚಿಕೊಂಡೆ. ಅಜ್ಜಿ ನನ್ನನ್ನೇ ನೋಡಿದರು. ಗೌರಿಯೂ ಮೆಲುಕು ನಿಲ್ಲಿಸಿ ನೋಡಿತು.

ಕೀಲಿಯಿಂದ ಅದನ್ನು ಬಿಡಿಸಲು ಕಷ್ಟವಾಯಿತು. ಬಿಗಿ ಉಂಗುರಕ್ಕೆ ಸಿಕ್ಕಿ ಎರಡು ಉಗುರು ಮುರಿದವು. ಅಜ್ಜಿ ಕಪ್ಪು ದಾರಕ್ಕೆ ಪೋಣಿಸಿ, ಗೌರಿಯ ಕೊರಳಿಗೆ ಕಟ್ಟಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದರು. ಕೆಸರು ಬಣ್ಣದ ಆ ಗಡ್ಡೆ ಬಿಳಿ ಹಸುವಿನ ಕೊರಳಲ್ಲಿ, ದೇವರಾಣೆ, ಅತಿ ಅಸಹ್ಯವಾಗಿ ಕಾಣುತ್ತಿತ್ತು. ಇಟಲಿಯ ಮುದುಕ ಇದ್ದಿದ್ದರೆ ಮತ್ತೆ ಕೆಮ್ಮುತ್ತಿದ್ದ.

ಅಜ್ಜಿ ಸೊಂಟದಿಂದ ಫೋನು ತೆಗೆದು ದೋಣಿಗಲ್ಲಿನ ಆ ಅಡುಗೆಯವಳಿಗೆ ಹಚ್ಚಿದರು. ಆ ಬೆಟ್ಟದಿಂದ ಈ ಬೆಟ್ಟಕ್ಕೆ ಫೋನಿಲ್ಲದೆಯೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

“ಏ ಮಗಾ, ನಿಮ್ಮಮ್ಮಾರಿಗೆ ಹೇಳ್ಬುಡು. ಮಣಿಯಮ್ಮ ಬಂದಿದ್ಲು, ಕೊಟ್ಬುಟ್ಲು, ಬಾಕಿ ತೀರ್ತು. ಮೊದ್ಲು ಒಂದು ತಂದಿದ್ಲು, ಅದು ಕೆಲ್ಸಕ್ಕೆ ಬರಾಕಿಲ್ಲ ಅಂದೆ. ಆಮೇಲಿಂದು ಪರವಾಗಿಲ್ಲ. ಇನ್ನೊಂಚೂರು ಸೊಟ್ಟ ಇದ್ದಿದ್ರೆ ಚೆನ್ನಾಗಿರೋದು... ಹೂಂ, ಇರ್ಲಿ ಬುಡು, ಮಾಡ್ತಾ ಮಾಡ್ತಾ ಕಲೀತಾಳೆ.”