ಲಾಡಕಿ ಎಂಬ ಎಮ್ಮೆಗೆ, ಪಾರಿಸಣ್ಣನ ನಿಷಾದದ ವಿಷಯವಾಗಿ

ಶ್ರೀಮತಿ ಲಾಡಕಿಯವರಿಗೆ,
ಅಕ್ಕುತಾಯಿಯವರ ಕೊಟ್ಟಿಗೆ, ನಮ್ಮ ಗೋಡೆಯ ಆಚೆ ಬದಿ, ಸದಲಗಾ.

ಮಾನ್ಯರೇ,

ಗೋಡೆಯ ಈಚೆ ಬದಿಯಿಂದ ತಮಗೆ ಸವಿನಯ ನಮಸ್ಕಾರಗಳು. ತಮ್ಮ ಕೊಂಬು, ಗೊರಸು, ಬಾಲಗಳೆಲ್ಲ ಕ್ಷೇಮವೆಂದು ನಂಬಿದ್ದೇನೆ. ತಾವು ಮೆಲುಕು ಹಾಕುವ ಸಪ್ಪಳ ನಮ್ಮ ಸಂಗೀತದ ಕೋಣೆಯ ಕಿಟಕಿಯಲ್ಲಿ ತಂಬೂರಿಗಿಂತ ಸ್ಪಷ್ಟವಾಗಿ ಕೇಳಿಸುತ್ತಿರುವುದರಿಂದ ಬೇರೆ ವಿಚಾರಿಸುವ ಅಗತ್ಯವೂ ಇಲ್ಲ. ಈ ದೂರನ್ನು ಮೊದಲು ತಮ್ಮ ಒಡತಿ ಅಕ್ಕುತಾಯಿಯವರ ಮುಂದೆ ಹೇಳಿದೆ, ಅವರು ನಕ್ಕರು. ಹಾಲಿನ ಡೇರಿಯಲ್ಲಿ ಹೇಳಿದೆ, ನಾವು ಫ್ಯಾಟ್ ನೋಡುವವರೇ ಹೊರತು ರಾಗ ನೋಡುವವರಲ್ಲ ಎಂದರು. ಮನೆಯಲ್ಲಿ ಯಜಮಾನರ ಮುಂದೆ ಹೇಳಿದೆ, "ಎಮ್ಮಿ ಮ್ಯಾಲ ಯಾರರೇ ತಕರಾರ ಮಾಡ್ತಾರೇನ?" ಎಂದು ಪೇಪರಿನ ಹಿಂದೆ ಅಡಗಿದರು. ಬೇರೆ ದಾರಿ ಕಾಣದೆ ನೇರವಾಗಿ ತಮಗೇ, ನಾಲ್ಕು ಜನರ ಎದುರಿನಲ್ಲಿ, ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಪರಿಚಯ ತಮಗೆ ಇದ್ದೇ ಇದೆ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಜಮಖಾನೆ, ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲಾ, ಸ್ವಿಚ್ ಹಾಕಿದರೆ ತಾನೇ ಮಿಡಿಯುವ ತಂಬೂರಿ ಪೆಟ್ಟಿಗೆ, ಇಷ್ಟನ್ನು ಇಟ್ಟುಕೊಂಡು ಊರಿನವರಿಗೆ ಹಾಡು ಕಲಿಸುವ ಉಜ್ವಲಾ ನಾನು. ನನ್ನ ಕಷ್ಟಗಳು ನನಗೆ ಹೊಸತಲ್ಲ. ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಎಳೆದುಕೊಂಡು, ಮನೆಯಷ್ಟು ಸ್ಪೀಕರ್ ಹೊತ್ತುಕೊಂಡು ಟ್ರ್ಯಾಕ್ಟರುಗಳು ಹಾದುಹೋಗುವಾಗ ನನ್ನ ಶಿಷ್ಯೆಯರು ಭೂಪ ರಾಗದ ನಟ್ಟನಡುವೆ ಲಾವಣಿಗೆ ಹೊರಳುತ್ತಾರೆ. ಒಳಗಿನ ಕುಕ್ಕರ್ ತಾಳದ ಸಮದ ಮೇಲೆ ಸೀಟಿ ಹಾಕದೆ ಒಂದು ಮಾತ್ರೆ ಬಿಟ್ಟು ಹಾಕುತ್ತದೆ. ಇವೆಲ್ಲವನ್ನೂ ನುಂಗಿಕೊಂಡಿದ್ದೇನೆ. ಆದರೆ ಕೊಟ್ಟಿಗೆಯ ಮಗ್ಗುಲಿನ ಕೋಣೆಯನ್ನೇ ಪಾಠಕ್ಕೆ ಆರಿಸಿದ್ದು 'ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ' ಎಂಬ ಗಾದೆಯ ಭರವಸೆಯ ಮೇಲೆ. ಗಾದೆ ಕಟ್ಟಿದ ಹಿರಿಯರು ಕೋಣನ ವಿಷಯವನ್ನಷ್ಟೇ ಹೇಳಿ ಅವನ ಮನೆಯ ಹೆಂಗಸರ ವಿಷಯದಲ್ಲಿ ಜಾಣತನದಿಂದ ಸುಮ್ಮನಿದ್ದದ್ದು ನನ್ನ ಗಮನಕ್ಕೆ ಬರಲಿಲ್ಲ.

ಈಗ ಮೂಲ ವಿಷಯಕ್ಕೆ ಬರುತ್ತೇನೆ. ನಮ್ಮ ಗಲ್ಲಿಯ ತುದಿಮನೆಯ ಪಾರಿಸಣ್ಣ ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕಬ್ಬು ತೂಗುವ ನೌಕರಿಯಲ್ಲಿರುವವರು; ಡ್ಯೂಟಿಗೆ ಹೋಗುವ ಮುಂಚೆ, ತಮ್ಮ ಹಾಲು ಕರೆಯುವ ಹೊತ್ತಿಗೇ, ನನ್ನಲ್ಲಿ ಪಾಠಕ್ಕೆ ಬರುತ್ತಾರೆ. ಅವರು ಹಾಡು ಕಲಿಯಲು ಬಂದದ್ದು ಹೆಸರು ಮಾಡಲಿಕ್ಕಲ್ಲ. ನಮ್ಮ ಕಡೆ ಲಗ್ನದಲ್ಲಿ ನೆಂಟರಿಷ್ಟರು ಮೈಕು ಹಿಡಿದು ಒಂದೊಂದು ಮಂಗಳಾಷ್ಟಕ ಹೇಳುವ ಪದ್ಧತಿ ತಮಗೂ ಕೇಳಿ ಗೊತ್ತಿರಬೇಕು. ಉಗಾರ ಬುದ್ರುಕದಲ್ಲಿ ತಂಗಿಯ ಮಗಳ ಲಗ್ನದಲ್ಲಿ ಪಾರಿಸಣ್ಣನೂ ಒಂದು ಹೇಳಲು ನಿಂತರಂತೆ. ಎರಡನೆಯ ಸಾಲಿಗೇ ಮಂದಿ ಕೈಯಲ್ಲಿದ್ದ ಅಕ್ಷತೆಯನ್ನೆಲ್ಲ ತೂರಿ ಮುಗಿಸಿದರಂತೆ, ಮೂರನೆಯ ಸಾಲಿಗೆ ಬ್ಯಾಂಡಿನವರು ಸುರುವೇ ಮಾಡಿಬಿಟ್ಟರಂತೆ. ಮರುದಿನ ನನ್ನ ಬಾಗಿಲಿಗೆ ಬಂದು ಪಾರಿಸಣ್ಣ ಕೇಳಿದ್ದು ಇಷ್ಟೇ: "ನಮ್ಮ ಮಗಳ ರೂಪಾಲಿ ಲಗ್ನದಾಗ ನಾ ಮುಗಿಸೂತನಾ ಬ್ಯಾಂಡಿನವ್ರು ಸುಮ್ಮ ಕುಂದ್ರಬೇಕರಿ ಅಕ್ಕೋರ. ಅಷ್ಟ ಕಲಿಸ್ರಿ."

ಅವರ ದೋಷವೆಲ್ಲ ಒಂದೇ ಸ್ವರದಲ್ಲಿತ್ತು. ಸಾ ಸರಿ, ಪಾ ಸರಿ, ನೀ ಎಂಬ ನಿಷಾದ ಬಂತೆಂದರೆ ಅದು ಹಾರ್ಮೋನಿಯಂನ ಕರಿ ಪಟ್ಟಿಗೂ ಬಿಳಿ ಪಟ್ಟಿಗೂ ನಡುವಿನ ಸಂದಿಯಲ್ಲಿ ಕಾಲು ಜಾರಿ ಬಿದ್ದು, ಏಳಲು ಒಲ್ಲೆ ಎನ್ನುತ್ತಿತ್ತು. ಹೊಡೆದು ಬಡಿದು, ಬೇಡಿ ಕಾಡಿ, ಒಂದು ಮುಂಜಾನೆ ನಾನು ಅದನ್ನು ಎಬ್ಬಿಸಿ ಅದರ ಜಾಗದಲ್ಲಿ ಕೂರಿಸಿದೆ. ಪಾರಿಸಣ್ಣನ ಕಣ್ಣು ಅರಳಿದವು, ನಾನು ಹಿಗ್ಗಿ ಹೀರೇಕಾಯಿಯಾದೆ. ಅಷ್ಟರಲ್ಲಿ ತಮ್ಮ ಒಡತಿಯವರು ಖಾಲಿ ಬಕೆಟ್ ಹಿಡಿದು ನಮ್ಮ ಹೊಸ್ತಿಲಲ್ಲಿ ನಿಂತಿದ್ದರು. "ಪಾರಿಸಣ್ಣನ ಧನಿ ಯಾಕ ಕೆಡಿಸಿದ್ರಿ ಅಕ್ಕೋರ? ಲಾಡಕಿ ಹಾಲ ಇಳಸವಲ್ದು. ಮೊದಲ ಹೆಂಗಿತ್ತೋ ಹಂಗ ಬಿಡ್ರಿ, ನಿಮಗ ಪುಣ್ಯಾ ಬರತೈತಿ!"

ಪಾರಿಸಣ್ಣನ ಪಾಠ ಸುರುವಾದ ಮೇಲೆಯೇ ಮೊದಲ ಕರು ಹಾಕಿದ ತಾವು ಅಂದಿನಿಂದ ಆ ಜಾರಿದ ನಿಷಾದವನ್ನು ಕೇಳುತ್ತಲೇ ಹಾಲು ಇಳಿಸುತ್ತ ಬಂದಿದ್ದೀರೆಂದು, ಅದು ಕಿವಿಗೆ ಬೀಳದೆ ಒಂದು ಹನಿಯನ್ನೂ ಬಿಡುವುದಿಲ್ಲವೆಂದು ನನಗೆ ತಿಳಿದದ್ದು ಆಗಲೇ. ನಂಬಲಿಲ್ಲ, ಪರೀಕ್ಷೆ ಮಾಡಿದೆ. ಪಾರಿಸಣ್ಣ ಸರಿಯಾಗಿ ಹಾಡಿದರೆ ತಾವು ಬರಗಾಲದ ಬಾವಿ. ತಪ್ಪಿ ಹಾಡಿದರೆ ಬಕೆಟ್ ತುಂಬಿ ನೊರೆ ಉಕ್ಕುತ್ತಿತ್ತು. ಅವರ ತಪ್ಪು ಸ್ವರವನ್ನು ಮೊಬೈಲಿನಲ್ಲಿ ಹಿಡಿದು ಕೇಳಿಸಿದೆ, ತಾವು ಮೊಬೈಲನ್ನು ಒಮ್ಮೆ ನೆಕ್ಕಿ ಪಕ್ಕಕ್ಕೆ ಸರಿಸಿದಿರಿ. ಅಸಲಿಗೂ ನಕಲಿಗೂ ಇರುವ ಅಂತರ ತಿಳಿಯುವ ಇಂಥ ಶ್ರೋತೃಗಳು ನಮ್ಮ ಸಂಗೀತ ಸಭೆಗಳಲ್ಲಿ ಮೊದಲ ಸಾಲಿನಲ್ಲಿಯೂ ಸಿಕ್ಕುವುದಿಲ್ಲ. ಕೊನೆಗೆ ಪದವಿ, ಪದಕ, ಮೂರು ಜಿಲ್ಲೆಯ ಶಾಲು ಪಡೆದ ನಾನೇ ತಮ್ಮ ಗೋದಲಿಯ ಮುಂದೆ ಹಿಂಡಿ ಬುಟ್ಟಿ ಬೋರಲು ಹಾಕಿ ಕುಳಿತು, ಬೆಳಗಿನ ರಾಗವನ್ನು ವಿಲಂಬಿತದಲ್ಲಿ, ಒಂದೂ ಸ್ವರ ಕೆಡದಂತೆ ಹಾಡಿದೆ. ತಾವು ಕಣ್ಣು ಮುಚ್ಚಿ ಕೇಳಿದಿರಿ. ನನ್ನ ಎದೆ ತುಂಬಿ ಬಂತು. ಆಮೇಲೆ ತಾವು ಬಾಲ ಎತ್ತಿದಿರಿ. ಮುಂದಿನದನ್ನು ಬಹಿರಂಗ ಪತ್ರದಲ್ಲಿ ಬರೆಯಲು ನನ್ನ ಸಂಸ್ಕಾರ ಒಪ್ಪುವುದಿಲ್ಲ.

ಇಷ್ಟಾದರೂ ನಾನು ತಾಳಿಕೊಳ್ಳುತ್ತಿದ್ದೆ. ಆದರೆ ರೂಪಾಲಿಯ ಲಗ್ನದಲ್ಲಿ ಅಥಣಿಯ ಬೀಗರ ಪಂಕ್ತಿಗೆ ತಮ್ಮ ಹಾಲಿನ ಬಾಸುಂದಿಯನ್ನೇ ಬಡಿಸುವುದಾಗಿ ಅಕ್ಕುತಾಯಿಯವರು ಮಾತು ಕೊಟ್ಟುಬಿಟ್ಟರು. ಬಾಸುಂದಿ ಬೇಕಾದರೆ ಪಾರಿಸಣ್ಣ ತಪ್ಪಿ ಹಾಡಬೇಕು, ಮಂಗಳಾಷ್ಟಕ ಉಳಿಯಬೇಕಾದರೆ ಸರಿ ಹಾಡಬೇಕು. ಕೆಲವು ದಿನ ನಮ್ಮ ಮನೆಯಲ್ಲಿ ಬಕೆಟ್ ತುಂಬುವವರೆಗೆ ತಪ್ಪಿನ ಪಾಠ, ಬಕೆಟ್ ಒಳಗೆ ಹೋದ ಮೇಲೆ ಒಪ್ಪಿನ ಪಾಠ ನಡೆಯಿತು. ಗುರುವೇ ಶಿಷ್ಯನಿಗೆ "ಇನ್ನೂ ಸ್ವಲ್ಪ ಕೆಡಿಸ್ರಿ, ಅರ್ಧಾ ತುಂಬೈತಿ" ಎಂದು ಹೇಳಿದ ಉದಾಹರಣೆ ಯಾವ ಘರಾಣೆಯ ಚರಿತ್ರೆಯಲ್ಲಿಯೂ ಇರಲಾರದು. ಪಾರಿಸಣ್ಣನಿಗೆ ತಲೆ ಕೆಟ್ಟು, ಕಾಟಾದ ಮೇಲೆ ನಿಂತ ಲಾರಿಗೂ ನಿಷಾದ ಸರಿಯಾಯಿತೇ ಎಂದು ಕೇಳುವ ಹಂತಕ್ಕೆ ಬಂದರು. ಲಗ್ನದ ದಿನ ಮಾತ್ರ ನಾನು ಗಟ್ಟಿಯಾಗಿ ಹೇಳಿಬಿಟ್ಟೆ: ಬಾಸುಂದಿ ಹಾಳಾಗಲಿ, ಈವತ್ತು ಮುಂಜಾನೆಯಿಂದ ಆ ತಪ್ಪು ಸ್ವರ ನಿಮ್ಮ ಬಾಯಲ್ಲಿ ಬರಕೂಡದು. ಹೀಗಾಗಿ ಅಂದು ತಾವು ತುಂಬಿದ ಕೆಚ್ಚಲು ಹೊತ್ತುಕೊಂಡೇ ನಿಂತಿರಿ, ಬಾಸುಂದಿಯ ಕಡಾಯಿ ಖಾಲಿ ಬಾಯಿ ತೆರೆದು ಕುಳಿತಿತ್ತು.

ಮಧ್ಯಾಹ್ನ ಗಲ್ಲಿಯ ಹಂದರದಲ್ಲಿ, ತಮ್ಮ ಕೊಟ್ಟಿಗೆಯ ಬೆನ್ನಿಗೇ, ಅಂತರಪಟದ ಆ ಬದಿಗೆ ಜಿನೇಂದ್ರ ಎಂಬ ವರ, ಈ ಬದಿಗೆ ತಲೆ ತಗ್ಗಿಸಿದ ರೂಪಾಲಿ. ಪಾರಿಸಣ್ಣ ಸ್ವತಃ ಕಟ್ಟಿದ ಎರಡು ನುಡಿಗಳನ್ನು ಹಾಡಲು ಮೈಕು ಹಿಡಿದರು. ನಾನು ಹಾರ್ಮೋನಿಯಂ ಹಿಡಿದು ಮಗ್ಗುಲಲ್ಲಿ ಕುಳಿತು, ಅವರ ನಿಷಾದ ಬರುವಲ್ಲೆಲ್ಲ ಪಟ್ಟಿಯನ್ನು ಒತ್ತಿ ಒತ್ತಿ ಆಸರೆ ಕೊಟ್ಟೆ. ಮೊದಲ ನುಡಿ ಕನ್ನಡಿಯ ಹಾಗೆ ಬಂತು. ಜನ ತಲೆದೂಗಿದರು. ಆದರೆ ರೂಪಾಲಿ ತಲೆ ಎತ್ತಿ, ಯಾರು ಹಾಡುತ್ತಿದ್ದಾರೆಂದು ಹುಡುಕುವವಳ ಹಾಗೆ ಆ ಕಡೆ ಈ ಕಡೆ ನೋಡಿದಳು. ಆ ನೋಟವನ್ನು ನಾನು ನೋಡಬಾರದಿತ್ತು, ನೋಡಿಬಿಟ್ಟೆ. ತೊಟ್ಟಿಲಿನಿಂದ ಈ ದಿನದವರೆಗೆ ಅವಳು ಕೇಳಿದ ತಂದೆಯ ದನಿಯನ್ನು ನಾನು ತಿದ್ದಿ ತೀಡಿ ಯಾರದೋ ದನಿ ಮಾಡಿ ಇಟ್ಟಿದ್ದೆ.

ಎರಡನೆಯ ನುಡಿಯಲ್ಲಿ ನಿಷಾದ ಬರುವಾಗ ನಾನು ಬೆರಳು ಎತ್ತಿದೆ. ಇಡೀ ಊರಿನ ಮುಂದೆ ನನ್ನ ಹೆಸರಿನ ಮರ್ಯಾದೆ ಹೋಗುತ್ತದೆಂದು ಗೊತ್ತಿದ್ದೇ ಎತ್ತಿದೆ. ಆಸರೆ ತಪ್ಪಿದ ಸ್ವರ ತನ್ನ ಹಳೆಯ ಸಂದಿಗೆ ಜಾರಿ ಬಿತ್ತು. ಬ್ಯಾಂಡಿನವರು ಕೂಡಲೇ ಪೀಪಿ ತುಟಿಗೆ ಹಚ್ಚಿದರು. ಅಷ್ಟರಲ್ಲಿ ರೂಪಾಲಿ ಎರಡೂ ಕೈಯಿಂದ ಮುಖ ಮುಚ್ಚಿ "ಪಪ್ಪಾ" ಎಂದು ಬಿಕ್ಕಿದಳು, ಬ್ಯಾಂಡಿನವರು ಪೀಪಿ ಕೆಳಗಿಳಿಸಿದರು. ಪಾರಿಸಣ್ಣ ಆ ತಪ್ಪು ಸ್ವರದಲ್ಲಿಯೇ, ಕಣ್ಣೀರು ಒರೆಸಿಕೊಳ್ಳದೆ, ಕೊನೆಯ 'ಸಾವಧಾನ'ದವರೆಗೆ ಪೂರಾ ಹಾಡಿದರು. ಒಂದು ಕಾಳು ಅಕ್ಷತೆಯೂ ಅದಕ್ಕೆ ಮೊದಲು ಬೀಳಲಿಲ್ಲ. ಆಮೇಲೆ, ಬ್ಯಾಂಡಿಗಿಂತ ಮುಂಚೆ, ಗೋಡೆಯ ಆಚೆಯಿಂದ ತಾವು ಆನಂದದಿಂದ ಒದರಿದಿರಿ. "ಇಳಸ್ತು! ನಮ್ಮ ಲಾಡಕಿ ಇಳಸ್ತು!" ಎಂದು ಅಕ್ಕುತಾಯಿಯವರು ಹೊಸ ಇಳಕಲ್ ಸೀರೆಯ ನಿರಿಗೆ ಎತ್ತಿಕೊಂಡು, ಅಕ್ಷತೆಯ ತಟ್ಟೆಯೊಂದಿಗೇ ಕೊಟ್ಟಿಗೆಗೆ ಓಡಿದರು. ಬೀಗರಿಗೆ ಬಾಸುಂದಿ ಸಂಜೆ ಬಡಿಸಲಾಯಿತು. ಅದರಲ್ಲಿ ಅಲ್ಲಲ್ಲಿ ಅಕ್ಕಿಕಾಳು ಸಿಕ್ಕಿದ್ದನ್ನು ಅವರು ಸದಲಗಾದ ಪದ್ಧತಿ ಎಂದು ತಿಳಿದುಕೊಂಡರು.

ಹೋಗುವಾಗ ರೂಪಾಲಿ ನನ್ನ ಕಾಲು ಮುಟ್ಟಿ ಕೇಳಿದಳು: "ಮೊದಲನೇದು ಯಾರು ಹಾಡಿದ್ರಿ ಅಕ್ಕೋರ? ಚೊಲೋ ಇತ್ತು. ಆದರ ನಮ್ಮ ಪಪ್ಪಾ ಹಾಡಿದ್ದು ಕೇಳಿ ನನಗ ತಡಕೊಳ್ಳಾಕ ಆಗಲಿಲ್ಲ."

ಮಾನ್ಯರೇ, ನನ್ನ ದೂರು ಇದೇ. ಇಷ್ಟು ದೊಡ್ಡ ವಿಷಯ ತಮಗೆ ಮೊದಲೇ ತಿಳಿದಿದ್ದರೂ, ಗೋಡೆಯ ಮಗ್ಗುಲಲ್ಲೇ ಇದ್ದು, ನೆರೆಹೊರೆಯ ಸಲಿಗೆಯಿಂದ ಒಂದು ಮಾತು ನನಗೆ ಹೇಳಲಿಲ್ಲ. ಹಾಲು ನಿಲ್ಲಿಸಿ ಹೇಳಿದೆನಲ್ಲ ಎಂದು ತಾವು ವಾದಿಸಬಹುದು. ಅದು ನನ್ನಂಥ ಪದವೀಧರರಿಗೆ ತಿಳಿಯುವ ಭಾಷೆಯಲ್ಲ. ಆದ್ದರಿಂದ ಈ ವರ್ಷದ ಪರೀಕ್ಷೆಗೆ ತಾವೇ ಪರೀಕ್ಷಕರಾಗಿ ನಮ್ಮ ಜಮಖಾನೆಯ ಮೇಲೆ ಬಿಜಯಂಗೈಯಬೇಕು, ಪ್ರಮಾಣಪತ್ರಗಳ ಮೇಲೆ ಗೊರಸಿನ ಮುದ್ರೆ ಒತ್ತಬೇಕು, ಯಾವ ತಪ್ಪನ್ನು ತಿದ್ದಬೇಕು ಯಾವುದನ್ನು ಬಿಡಬೇಕು ಎಂಬ ಬಗ್ಗೆ ಮೆಲುಕು ಹಾಕುವ ನಡುವೆ ಬಿಡುವು ಮಾಡಿಕೊಂಡು ಒಂದು ಉಪನ್ಯಾಸ ಕೊಡಬೇಕು. ಈಗ ನನ್ನ ಎಳೆಯ ಶಿಷ್ಯರೆಲ್ಲ ತಪ್ಪಿ ಹಾಡಿ, ಇದು ಪಾರಿಸ ಮಾಮಾನ ನಿಷಾದ ಎಂದು ತಪ್ಪಿಸಿಕೊಳ್ಳುತ್ತಿದ್ದಾರೆ. ಅವರಿಗೆ ತಾವು ಹಾಲು ಇಳಿಸುತ್ತಿಲ್ಲವೆಂಬುದನ್ನು ದಯವಿಟ್ಟು ಲಿಖಿತವಾಗಿ ತಿಳಿಸಬೇಕು.

ಹಿಂಡಿಯೂ ನೀರೂ ಹೊತ್ತಿಗೆ ಸರಿಯಾಗಿ ಸಿಗಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಗೋಡೆಯ ಈಚೆ ಬದಿಯ ಉಜ್ವಲಾ

ತಾ.ಕ.: ತಮ್ಮ ಒಡತಿಯವರ ಮಗ ಸಂಗ್ರಾಮನ ಲಗ್ನ ಗೊತ್ತಾಗಿದೆ, ಮಂಗಳಾಷ್ಟಕ ಹೇಳಲು ನನ್ನನ್ನೇ ಕೇಳಿದ್ದಾರೆ, ನಾನು ಒಪ್ಪಿದ್ದೇನೆ. ಒಂದೂ ಸ್ವರ ಕೆಡದಂತೆ ಹಾಡುವವಳಿದ್ದೇನೆ. ಬಾಸುಂದಿಗೆ ಹಾಲನ್ನು ಹಿಂದಿನ ದಿನವೇ ತೆಗೆದಿಡಲು ಅಕ್ಕುತಾಯಿಯವರಿಗೆ ತಿಳಿಸಿದ್ದೇನೆ. ತಮ್ಮನ್ನು ಆ ದಿನ ದೂಧಗಂಗೆಯ ದಂಡೆಯ ತೋಟದಲ್ಲಿ ಕಟ್ಟುವ ವ್ಯವಸ್ಥೆಯೂ ಆಗಿದೆ. ಬಾಲವನ್ನು ಅಲ್ಲಿಯೇ ಎತ್ತಿಕೊಳ್ಳಬಹುದು.