ಫ್ಲಾರೆನ್ಸಿನಲ್ಲಿ ಮೂರು ಉಪವಾಸ

ಬಂದವರಿಗೆ ಊರು ತೋರಿಸಲು ಊರು ಗೊತ್ತಿರಬೇಕಾಗಿಲ್ಲ, ಮುಖದಲ್ಲಿ ಧೈರ್ಯವಿದ್ದರೆ ಸಾಕು ಎಂಬುದು ನನ್ನ ಬಹುಕಾಲದ ನಂಬಿಕೆ. ಅಮೆರಿಕದ ಮೆಟುಚೆನ್ನಿನ ನಮ್ಮ ಮನೆಗೆ ಬಂದ ಎಷ್ಟೋ ಜನರನ್ನು ನ್ಯೂಯಾರ್ಕಿಗೆ ಕರೆದೊಯ್ದು, ಎತ್ತರದ ಕಟ್ಟಡ ಕಂಡಲ್ಲೆಲ್ಲ ಬೆರಳು ತೋರಿಸಿ, ಬಾಯಿಗೆ ಬಂದ ಇಸವಿ ಹೇಳಿ ಕಳಿಸಿದ್ದೇನೆ. ಒಬ್ಬರೂ ತಿರುಗಿ ಬಂದು ಜಗಳ ತೆಗೆದಿಲ್ಲ. ಇದೇ ಧೈರ್ಯದಲ್ಲಿ ಒಂದು ದಿನ ಫೋನಿನಲ್ಲಿ ಗಿರಿಜಾಗೆ, "ಫ್ಲಾರೆನ್ಸಾ? ನಂಗೆ ಅಂಗೈ ನೆಲ್ಲಿಕಾಯಿ ಕಣೇ. ಬಾ, ನಾನು ತೋರಿಸ್ತೀನಿ" ಎಂದುಬಿಟ್ಟೆ. ನಿಜ ಹೇಳಬೇಕೆಂದರೆ, ಆಫೀಸಿನ ಮೀಟಿಂಗಿಗೆಂದು ಎರಡು ದಿನ ಅಲ್ಲಿಗೆ ಹೋಗಿದ್ದೆ. ನೋಡಿದ್ದು ವಿಮಾನ ನಿಲ್ದಾಣ, ಹೋಟೆಲಿನ ಮೀಟಿಂಗ್ ಹಾಲು, ಮತ್ತು ಅದರ ಕಿಟಕಿಯಿಂದ ಕಾಣುವ ಇನ್ನೊಂದು ಹೋಟೆಲು.

ಗಿರಿಜಾ ನನ್ನ ಜೊತೆ ಓದಿದವಳು, ಮೈಸೂರಿನ ಹೈಸ್ಕೂಲೊಂದರಲ್ಲಿ ಚರಿತ್ರೆಯ ಟೀಚರು. ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಫ್ಲಾರೆನ್ಸಿನ ಪಾಠ ಮಾಡುತ್ತಿದ್ದಾಳೆ, ಆ ಊರನ್ನು ಕಣ್ಣಾರೆ ಕಂಡಿಲ್ಲ. ಪಾಠದ ನಡುವೆ, "ನನ್ನ ಫ್ರೆಂಡ್ ಜಬೀನ್ ಅಮೆರಿಕದಲ್ಲಿ ದೊಡ್ಡ ಆಫೀಸರು, ಹುಡುಗೀರು ಅಂದ್ರೆ ಹಾಗಿರಬೇಕು" ಎಂದು ನನ್ನನ್ನೂ ಒಂದು ಪಾಠ ಮಾಡಿಟ್ಟಿದ್ದಾಳೆ. ಬೇಸಿಗೆ ರಜಕ್ಕೆ ಅವಳು ನಮ್ಮಲ್ಲಿಗೆ ಬರುವುದು, ಒಂದು ವಾರದ ಮೇಲೆ ಇಬ್ಬರೂ ಫ್ಲಾರೆನ್ಸಿಗೆ ಹೋಗುವುದು, ಅಲ್ಲಿಂದ ಅವಳು ಮೈಸೂರಿಗೆ, ನಾನು ಮನೆಗೆ ಎಂದು ಟಿಕೆಟ್ ಮಾಡಿಸಿದ್ದಾಯಿತು. ಅಷ್ಟರಲ್ಲಿ ಬ್ಯಾಂಕುಗಳು ಒಂದರ ಹಿಂದೆ ಒಂದು ಮಗುಚಿಕೊಂಡವು. ನಾನು ಯಾವ ಬ್ಯಾಂಕಿನವಳೂ ಅಲ್ಲ. ಆದರೂ ಒಂದು ಸೋಮವಾರ ಮಾರಿಸ್‌ಟೌನಿನ ನಮ್ಮ ಆಫೀಸಿನವರು ನನ್ನ ಹದಿನೆಂಟು ವರ್ಷದ ಸರ್ವಿಸನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ಸೆಕ್ಯುರಿಟಿಯವನನ್ನು ಜೊತೆಗೆ ಕೊಟ್ಟು, ಕಾರಿನವರೆಗೆ ಕಳಿಸಿಕೊಟ್ಟರು. ಗಿರಿಜಾ ಬರಲು ಹನ್ನೊಂದು ದಿನವಿತ್ತು.

"ಟಿಕೆಟ್ ದುಡ್ಡಂತೂ ವಾಪಸ್ ಬರಲ್ಲ, ಹೋಗಿ ಬಾ" ಎಂದರು ನಮ್ಮ ಮನೆಯವರು. "ಜಸ್ಟ್ ಟೆಲ್ ಹರ್, ಅಮ್ಮೀ" ಎಂದಳು ಮಗಳು. ಹೇಳುವುದು ಅಷ್ಟು ಸುಲಭವೇ? ನನ್ನನ್ನು ಮೆಚ್ಚಿಕೊಂಡವರು ಈ ಲೋಕದಲ್ಲಿ ಬಹಳ ಮಂದಿಯಿಲ್ಲ. ಇರುವ ಒಬ್ಬಳನ್ನೂ ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಹಾಗಾಗಿ ಗಿರಿಜಾ ಬಂದ ಮೇಲೆ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು, "ಬರ್ತೀನಿ ಕಣೇ, ಟ್ರಾಫಿಕ್ಕು" ಎಂದು ಹೊರಡುತ್ತಿದ್ದೆ. ಪೆಟ್ರೋಲ್ ಉಳಿಸಬೇಕಲ್ಲ, ದೂರ ಹೋಗುತ್ತಿರಲಿಲ್ಲ. ನಮ್ಮೂರಿನ ಲೈಬ್ರರಿಯಲ್ಲೇ ಕೂತು, ಕೆಲಸ ಖಾಲಿ ಇದೆ ಎನ್ನುವವರನ್ನು ಹುಡುಕುತ್ತಾ, ಯಾರೂ ಸಿಗದೆ ಹಾಗೇ ತೂಕಡಿಸುತ್ತಾ ಸಂಜೆ ಮಾಡುತ್ತಿದ್ದೆ.

ಗುರುವಾರ ಫ್ಲಾರೆನ್ಸಿನಲ್ಲಿ ಇಳಿದೆವು. ಆ ಊರಿನ ದೊಡ್ಡ ಚರ್ಚಿನ ಗುಮ್ಮಟ ಎಲ್ಲಿ ನಿಂತರೂ ಕಾಣುತ್ತದೆ, ಎಲ್ಲಿಂದ ನಡೆದರೂ ಸಿಗುವುದಿಲ್ಲ. ಗಲ್ಲಿಗೊಂದು ತಿರುವು. ಒಂದೇ ಚಪ್ಪಲಿ ಅಂಗಡಿಯ ಮುಂದೆ ಮೂರು ಸಲ ಹಾದೆವು, ಮೂರನೇ ಸಲ ಅಂಗಡಿಯವನು ಕೈ ಬೀಸಿದ. "ನೀನು ಇಲ್ಲಿ ಎಲ್ಲರಿಗೂ ಗೊತ್ತು" ಎಂದಳು ಗಿರಿಜಾ. ಮಧ್ಯಾಹ್ನ ಊಟದ ಮಾತೆತ್ತಿದರೆ, "ಇವತ್ತು ರಾಯರ ವಾರ, ನಂಗೆ ಉಪವಾಸ" ಎಂದಳು. ಹೇಳಲು ನಾಚಿಕೆ, ನನಗೆ ಒಳಗೊಳಗೇ ಸಮಾಧಾನವಾಯಿತು, ಇಲ್ಲಿಯ ಊಟದ ರೇಟು ಹಾಗಿತ್ತು. ಶುಕ್ರವಾರ ಲಕ್ಷ್ಮೀ ವ್ರತವೆಂದಳು. ಶನಿವಾರ ತಿಮ್ಮಪ್ಪನದು. ನನಗೆ ಅನುಮಾನ ಬರಬೇಕಿತ್ತು. ಇವಳು ಚಿಕ್ಕಂದಿನಲ್ಲಿ ರಂಜಾನ್ ಸಂಜೆ ನಮ್ಮ ಮನೆಗೆ ಬಂದು, ನಾವೆಲ್ಲ ಆಜಾನ್‌ಗೆ ಕಿವಿಗೊಟ್ಟು ಕೂತಿರುವಾಗ ಎರಡು ಸಮೋಸ ಮುಗಿಸಿ, "ನಂಗೆ ಉಪವಾಸ ಇಲ್ವಲ್ಲ ಆಂಟಿ" ಎನ್ನುತ್ತಿದ್ದವಳು. ಏಕಾದಶಿಯ ದಿನ ಅವರಮ್ಮನ ಕಣ್ಣು ತಪ್ಪಿಸಿ ನಮ್ಮಲ್ಲಿ ಖೀರು ಕುಡಿದವಳು. ವಯಸ್ಸಾದ ಮೇಲೆ ಭಕ್ತಿ ಹೆಚ್ಚಾಗಿದೆ ಎಂದುಕೊಂಡೆ. ಉಪವಾಸದವರ ಮುಂದೆ ಕೂತು ತಿನ್ನುವುದು ನಾನು ಬೆಳೆದ ಮನೆಯ ಮರ್ಯಾದೆಯಲ್ಲ. ಬೆಳಿಗ್ಗೆ ಹೋಟೆಲು ರೂಮಿನಲ್ಲಿ ಅವಳು ತಂದ ಅವಲಕ್ಕಿ, ಚಟ್ನಿಪುಡಿ. ಆಮೇಲೆ ರಾತ್ರಿಯವರೆಗೆ ಅವಳ ಮೂರು ದೇವರಿಗೂ ನಾನೂ ನಡೆದುಕೊಂಡೆ.

ಶನಿವಾರ ಮಧ್ಯಾಹ್ನ ಒಂದು ಹಳೆಯ ಮಾರುಕಟ್ಟೆಗೆ ಬಂದೆವು. ಸುತ್ತ ಕಂಬ, ಮೇಲೆ ಮಾಡು, ಕೆಳಗೆ ಚರ್ಮದ ಚೀಲ ಮಾರುವವರು. ಇದು ಏನೆಂದು ನನಗೆ ಗೊತ್ತಿರಲಿಲ್ಲ. ಗಿರಿಜಾ ಮಾತ್ರ ಪುಸ್ತಕದ ಪುಟ ತಿರುಗಿಸಿದಂತೆ ಪಾಠ ಶುರುಮಾಡಿದಳು: ಇಂಗ್ಲೆಂಡಿನ ರಾಜನಿಗೆ ಸಾಲ ಕೊಟ್ಟು ಮುಳುಗಿದ ಇಲ್ಲಿಯ ಸಾಹುಕಾರರು, ಒಬ್ಬೊಬ್ಬರಾಗಿ ಬಿದ್ದ ಅವರ ಬ್ಯಾಂಕುಗಳು. ಕೇಳುತ್ತಾ ಕೇಳುತ್ತಾ ನನಗೆ ಕಣ್ಣು ಕತ್ತಲೆ ಬಂತು. ಹಸಿವೋ, ಸಂಕಟವೋ, ನೆಲದಲ್ಲಿ ಕೂರಿಸಿದ್ದ ಒಂದು ದುಂಡು ಕಲ್ಲಿನ ಮೇಲೆ ಕುಸಿದು ಕೂತೆ.

"ಅಯ್ಯೋ, ಏಳೇ ಜಬೀನ್!" ಎಂದಳು ಗಿರಿಜಾ. "ಅದೇ ಕಲ್ಲು. ದಿವಾಳಿಯಾದ ವ್ಯಾಪಾರಿಗಳ ಚಡ್ಡಿ ಜಾರಿಸಿ, ಊರವರ ಎದುರು ಅವರನ್ನ ಮೂರು ಸಲ ಇದರ ಮೇಲೆ ಎತ್ತಿ ಕುಕ್ತಿದ್ರು."

"ಹಾಗಾದ್ರೆ ಸರಿಯಾದ ಜಾಗದಲ್ಲೇ ಕೂತಿದೀನಿ" ಎಂದೆ. "ನನ್ನ ಕೆಲಸ ಹೋಯ್ತು ಕಣೇ."

ಅಷ್ಟು ಹೇಳಿದ್ದೇ ತಡ, ಮೂರು ವಾರದಿಂದ ಮನೆಯಲ್ಲಿ ಅಳದಿದ್ದದ್ದೆಲ್ಲ ಅಲ್ಲಿ ಬಂತು. ಆ ಕಲ್ಲಿನ ಪ್ರಾತ್ಯಕ್ಷಿಕೆ ನಡೆಯುತ್ತಿದೆ ಎಂದುಕೊಂಡು ಇಬ್ಬರು ಪ್ರವಾಸಿಗರು ಫೋಟೋ ತೆಗೆದುಕೊಂಡರು. ಗಿರಿಜಾ ನನ್ನ ಪಕ್ಕದಲ್ಲಿ, ನೆಲದ ಮೇಲೇ, ಸೀರೆ ಸರಿಮಾಡಿಕೊಂಡು ಕೂತಳು.

"ಗೊತ್ತು" ಎಂದಳು. "ಮಂಗಳವಾರ ಮನೇಲಿ ಬೇಜಾರಾಗಿ ನಿಮ್ಮೂರ ಲೈಬ್ರರಿಗೆ ನಡ್ಕೊಂಡು ಹೋಗಿದ್ದೆ. ಪೇಪರ್ ಮೇಲೆ ತಲೆ ಇಟ್ಟು ಮಲಗಿದ್ದೆ ನೀನು."

"ಎಬ್ಬಿಸಬಾರದಿತ್ತೇನೇ?"

"ಅಷ್ಟು ನೀಟಾಗಿ ಅಂಗಿ ಇಸ್ತ್ರಿ ಮಾಡ್ಕೊಂಡು ಬಂದವಳನ್ನ ಹೇಗೆ ಎಬ್ಬಿಸೋದು? ನೀನೇ ಹೇಳ್ತೀಯ ಅಂತ ಕಾದೆ." ನನ್ನ ಕೈಗೆ ಕರವಸ್ತ್ರ ಕೊಟ್ಟು, "ಇನ್ನೊಂದು ದಿನ ಕಾಯಿಸಿದ್ರೆ ಭಾನುವಾರಕ್ಕೆ ಯಾವ ದೇವರನ್ನ ಹುಡುಕಲಿ ಅಂತ ನಂಗೇ ಯೋಚನೆಯಾಗಿತ್ತು" ಎಂದಳು.

ಆಮೇಲೆ ಇಬ್ಬರೂ ಒಂದೊಂದು ಇಡೀ ಪಿಜ್ಜಾ ತಿಂದೆವು. ದುಡ್ಡು ಅವಳೇ ಕೊಟ್ಟಳು. ನಾನು ಬೇಡವೆಂದು ಅವಳ ಕೈ ಹಿಡಿದೆ, ಆದರೆ ಗಟ್ಟಿಯಾಗಿ ಹಿಡಿಯಲಿಲ್ಲ.

ಅವಳು ಊರಿಗೆ ಹೋಗಿ ಐದು ತಿಂಗಳಾಯಿತು. ಕೆಲಸ ಸಿಕ್ಕಿಲ್ಲ. ಕಳೆದ ವಾರ ಫೋನ್ ಮಾಡಿ, "ಏನಾಯ್ತೇ?" ಎಂದಳು. "ಒಂದು ಕಡೆ ಇಂಟರ್‌ವ್ಯೂ ಚೆನ್ನಾಗಾಯ್ತು, ಇನ್ನೇನು ಕರೀತಾರೆ" ಎಂದೆ. ಯಾವ ಇಂಟರ್‌ವ್ಯೂವೂ ಆಗಿರಲಿಲ್ಲ. "ಒಳ್ಳೇದಾಯ್ತು ಕಣೇ. ಅವರು ಕರೀದೇ ಇದ್ರೂ ನಂಗೆ ಫೋನ್ ಮಾಡು" ಎಂದಳು. ನನಗೆ ಈಗ ಉಳಿದಿರುವ ಒಂದೇ ಕೆಲಸ ಸುಳ್ಳು ಹೇಳುವುದು. ಅದನ್ನೂ ನೆಟ್ಟಗೆ ಮಾಡಲು ಬರುವುದಿಲ್ಲ.